ಹೊಳೆಮತ್ತಿ ಬುಡದ ಒಕ್ಕಲು

ಸತ್ತೇಗಾಲ
6-12-1964

ಚಿರಂಜೀವಿ ತಮ್ಮ ಚಿಕ್ಕಮಾದಪ್ಪನಿಗೆ ಅಕ್ಕ ಚನ್ನಾಜಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವನ ಕಬ್ಬು ಕಟಾವಿಗೆ ಬಂದಿದೆ, ಮಾತಿಗೆ ಸಿಗುವುದಿಲ್ಲ. ಹನೂರಿನಲ್ಲಿ ನಿನಗೆ ಊಟ ಸರಿಹೋಗುತ್ತಿದೆಯೇ? ಸ್ನಾನ ಪೂಜೆ ನಡೆಯುತ್ತಿದೆಯೋ ಅಥವಾ ಲಿಂಗದ ಕರಡಿಗೆ ಕುತ್ತಿಗೆಗೆ ಭಾರ ಮಾತ್ರವೋ? ಹೈಸ್ಕೂಲು ಮೇಷ್ಟರಾದ ಮೇಲೆ ಇದನ್ನೆಲ್ಲ ಕೇಳಬಾರದೇನೋ, ಆದರೂ ಕೇಳುತ್ತೇನೆ.

ಒಂದು ಸಂಗತಿ ತಿಳಿಯಬೇಕಿತ್ತು. ನಮ್ಮ ತೆಂಗಿನ ತೋಟದ ಕೆಳಗೆ, ಹೊಳೆಮತ್ತಿ ಮರದ ಬೇರಿನ ಹತ್ತಿರ, ಹದಿನೈದು ದಿನದಿಂದ ಒಂದು ಪ್ರಾಣಿ ನೋಡುತ್ತಿದ್ದೇನೆ. ಒಂದಲ್ಲ, ಐದು. ತಲೆ ಬೆಕ್ಕಿನಂತೆ ದುಂಡಗೆ, ಮೂತಿಗೆ ಮೀಸೆ, ಮೈ ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ, ಬಾಲ ಚಪ್ಪಟೆ. ನೀರಿನಲ್ಲಿ ಮುಳುಗಿದರೆ ನಾನು ಇಪ್ಪತ್ತು ಎಣಿಸುವವರೆಗೂ ಮೇಲೆ ಬರುವುದಿಲ್ಲ. ಒಂದಕ್ಕೊಂದು ಸಿಳ್ಳೆ ಹಾಕಿ ಕರೆಯುತ್ತವೆ. ಮೀನು ಹಿಡಿಯುವ ಕೆಂಚಯ್ಯನನ್ನು ಕೇಳಿದೆ. "ಅದು ನೀರ್‌ನಾಯಿ ಕಣ್ರವ್ವಾ. ನನ್ ಬಲೆ ಅರ್ದು ಮೀನ್ ತಿಂದ್ಬುಟ್ಟು, ನನ್ನೇ ನೋಡ್ಕಂಡು ಕುಂತಿರ್ತವೆ" ಎಂದ. ಇದು ನಾಯಿ ಜಾತಿಯೇ? ನಾಯಿಗೆ ಇಷ್ಟು ಸಣ್ಣ ಕಿವಿ ಉಂಟೇ? ಓದಿದವನು ನೀನು, ಹೇಳು.

ಈ ಕಾಗದವನ್ನು ಹಪ್ಪಳದ ಡಬ್ಬಿಯ ಜೊತೆ ಬೆಳಗಿನ ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ ಕೈಲಿ ಕಳಿಸುತ್ತಿದ್ದೇನೆ. ಅವರು ಹನೂರಿನ ಬಸ್ಸಿಗೆ ದಾಟಿಸುತ್ತಾರೆ. ಡಬ್ಬಿ ವಾಪಸು ಕಳಿಸು.

ನಿನ್ನ ಅಕ್ಕ
ಚನ್ನಾಜಮ್ಮ

ಹನೂರು
13-12-1964

ಅಕ್ಕನಿಗೆ ಚಿಕ್ಕಮಾದಪ್ಪನ ನಮಸ್ಕಾರ.

ಹಪ್ಪಳ ಬಂತು, ಅರ್ಧ ಮುಗಿಯಿತು. ಕರಡಿಗೆ ಕುತ್ತಿಗೆಯಲ್ಲೇ ಇದೆ, ಅದಕ್ಕಿಂತ ಹೆಚ್ಚು ಕೇಳಬೇಡ.

ನಿನ್ನ ಪ್ರಾಣಿ ಯಾವುದೆಂದು ಓದಿದ ತಕ್ಷಣ ಗೊತ್ತಾಯಿತು. ನಮ್ಮ ಪಾಠದ ಪುಸ್ತಕದಲ್ಲಿ ಅದರ ಚಿತ್ರವೇ ಇದೆ. ಕೆನಡಾ ದೇಶದಲ್ಲಿ ಬೀವರ್ ಎನ್ನುತ್ತಾರೆ. ನುಣುಪು ಮೈ, ಮೀಸೆ, ಚಪ್ಪಟೆ ಬಾಲ ಎಲ್ಲ ಹೊಂದುತ್ತದೆ. ಅದು ಬಹಳ ಬುದ್ಧಿಯ ಪ್ರಾಣಿ. ಹಲ್ಲಿನಿಂದ ಮರ ಕಡಿದು, ಕೊಂಬೆ ಮಣ್ಣು ಸೇರಿಸಿ ಹೊಳೆಗೆ ಅಣೆ ಕಟ್ಟುತ್ತದೆ. ತೋಟದ ಎಳೆ ತೆಂಗಿನ ಬುಡಗಳನ್ನು ನೋಡಿಕೊಳ್ಳಲು ಭಾವನಿಗೆ ಹೇಳು. ಅಣೆ ಎಷ್ಟು ಉದ್ದ ಕಟ್ಟಿವೆ, ಯಾವ ಮರ ಕಡಿದಿವೆ ಎಂದು ವಿವರವಾಗಿ ಬರೆ. ಇಲ್ಲಿ ಹುಡುಗರಿಗೆ ಹೇಳಿದೆ, ಯಾರೂ ನಂಬಲಿಲ್ಲ. ಇವರ ಊರಿನ ಹಳ್ಳದಲ್ಲಿ ನೀರು ಕಂಡೇ ವರ್ಷವಾಗಿದೆ.

ನಿನ್ನ ತಮ್ಮ
ಚಿಕ್ಕಮಾದಪ್ಪ

ಸತ್ತೇಗಾಲ
2-1-1965

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನಿನ್ನ ಭಾವ ಎರಡು ದಿನ ತೆಂಗಿನ ಬುಡ ನೋಡಿದ್ದೇ ನೋಡಿದ್ದು. ಒಂದು ಗರಿಯನ್ನೂ ಯಾರೂ ಕಡಿದಿಲ್ಲ. ಅಣೆಯೂ ಇಲ್ಲ, ಗಿಣೆಯೂ ಇಲ್ಲ. ಇಲ್ಲಿಯವರೆಗೂ ನಮ್ಮ ಹೊಳೆಗೆ ಅಣೆ ಕಟ್ಟಿದವರು ಮನುಷ್ಯರೇ.

ಅವು ಇರುವ ಬಂಡೆಯ ಮೇಲಿನ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದೆ. ನಾನು ಇಂಥ ಕೆಲಸ ಮಾಡಿದೆನೆಂದು ಅತ್ತೆಯವರಿಗೆ ತಿಳಿದರೆ ಮೂರು ಸಲ ಸ್ನಾನ ಮಾಡಿಸುತ್ತಾರೆ. ಅದರ ತುಂಬ ಮೀನಿನ ಪೊರೆ, ಏಡಿಯ ಚಿಪ್ಪು. ಎಲೆ ತೊಗಟೆ ಏನೂ ಇಲ್ಲ. ಮರ ತಿನ್ನುವ ಪ್ರಾಣಿಯ ಹೊಟ್ಟೆಯಲ್ಲಿ ಏಡಿ ಹೇಗೆ ಬಂತು ಮೇಷ್ಟರೇ? ನಿನ್ನ ಪುಸ್ತಕದ ಪ್ರಾಣಿ ಬೇರೆ, ನನ್ನ ಹೊಳೆಯದೇ ಬೇರೆ.

ಇವು ಮೀನು ಹಿಡಿಯುವ ಕ್ರಮ ಹೇಳುತ್ತೇನೆ ಕೇಳು. ಐದೂ ಸಾಲಾಗಿ, ಕುಡುಗೋಲು ಬಾಗಿದ ಹಾಗೆ ಬಾಗಿ ಬರುತ್ತವೆ. ಮೀನುಗಳನ್ನು ದಂಡೆಯ ಕಡೆಗೆ ಅಟ್ಟುತ್ತವೆ. ಆಮೇಲೆ ಒಟ್ಟಿಗೆ ಮುಳುಗುತ್ತವೆ. ಹಿಡಿದದ್ದನ್ನು ಎರಡೂ ಮುಂಗಾಲಲ್ಲಿ ಹಿಡಿದುಕೊಂಡು, ಮಕ್ಕಳು ಕಬ್ಬು ಜಗಿಯುವ ಹಾಗೆ ಜಗಿಯುತ್ತವೆ. ನಾವು ಜನ್ಮದಲ್ಲಿ ಮೀನು ಮುಟ್ಟದವರು, ನೋಡಿದರೆ ನನಗೆ ಅಸಹ್ಯವಾಗಬೇಕಿತ್ತು. ಆಗಲಿಲ್ಲ. ಅದು ಯಾಕೆಂದೂ ನನಗೆ ತಿಳಿಯದು.

ಅಕ್ಕ

ಹನೂರು
10-1-1965

ಅಕ್ಕನಿಗೆ ನಮಸ್ಕಾರ.

ತಪ್ಪಾಯಿತು. ನಾನು ಓದಿದ್ದು ಗಣಿತ, ಪ್ರಾಣಿಶಾಸ್ತ್ರ ಶಾಲೆಯವರು ನನ್ನ ತಲೆಗೆ ಕಟ್ಟಿದ್ದು. ಕೊಳ್ಳೇಗಾಲದ ಲೈಬ್ರರಿಗೆ ಹೋಗಿ ದೊಡ್ಡ ಪುಸ್ತಕ ತೆಗೆಸಿದೆ. ಕೆಂಚಯ್ಯ ಹೇಳಿದ್ದೇ ಸರಿ, ಅದು ನೀರುನಾಯಿ. ನಾಯಿಗೂ ಅದಕ್ಕೂ ಹತ್ತಿರದ ನೆಂಟಸ್ತನವಿಲ್ಲ. ಹುಡುಗರ ಮುಂದೆ ತಪ್ಪು ಒಪ್ಪಿಕೊಂಡೆ, ಅವರಿಗೆ ಪಾಠಕ್ಕಿಂತ ಅದೇ ಖುಷಿಯಾಯಿತು.

ಕಾಡುಪ್ರಾಣಿಯನ್ನು ನೋಡುವವರು ಹೇಗಿರಬೇಕೆಂದು ಆ ಪುಸ್ತಕದಲ್ಲಿ ಬರೆದಿದೆ. ಗಾಳಿ ಅವುಗಳಿಂದ ನಮ್ಮ ಕಡೆ ಬೀಸುತ್ತಿರಬೇಕು. ಮಾತಾಡಬಾರದು, ಕೈ ತೋರಿಸಬಾರದು. ತಿನ್ನಲು ಏನೂ ಹಾಕಬಾರದು, ನಾಯಿ ಕರೆದೊಯ್ಯಬಾರದು. ಪೊಟರೆಯ ಬಾಯಿಗೆ ಹೋಗಿ ಇಣುಕಲೇಬಾರದು, ಇಣುಕಿದರೆ ಮರಿ ಎತ್ತಿಕೊಂಡು ಜಾಗ ಬಿಡುತ್ತವೆ. ಇಷ್ಟೆಲ್ಲ ಮಾಡಿದರೂ ನೂರು ಮಾರು ದೂರದಿಂದ ಕಂಡರೆ ಪುಣ್ಯವಂತೆ. ನೀನು ಎಷ್ಟು ದೂರದಿಂದ ನೋಡುತ್ತೀ? ಭಾವ ಅಟ್ಟಣೆ ಕಟ್ಟಿಸಿಕೊಟ್ಟಿದ್ದಾರೆಯೇ? ಎಲೆಯ ಮರೆ ಇದೆಯೇ? ಐದೂ ಮೀನು ಜಗಿಯುವುದು ಇಷ್ಟು ಸ್ಪಷ್ಟವಾಗಿ ಹೇಗೆ ಕಂಡಿತು?

ನಾನು ಈವರೆಗೆ ಒಂದನ್ನೂ ಕಣ್ಣಾರೆ ಕಂಡವನಲ್ಲ. ನಿನ್ನ ಕಾಗದ ಓದುವುದೇ ನೋಡಿದ ಹಾಗಾಗುತ್ತದೆ. ಬಿಡದೆ ಬರೆ.

ಚಿಕ್ಕಮಾದಪ್ಪ

ಸತ್ತೇಗಾಲ
7-2-1965

ತಮ್ಮನಿಗೆ ಆಶೀರ್ವಾದ.

ಮರಿಗಳು ಬಂದಿವೆ, ಮೂರು. ತಾಯಿ ಒಂದೊಂದನ್ನೇ ಕತ್ತಿನ ಹಿಂದೆ ಕಚ್ಚಿ ಹಿಡಿದು ನೀರಿಗೆ ಎಳೆದುಕೊಂಡು ಹೋಗುತ್ತದೆ. ಅವಕ್ಕೆ ನೀರು ಕಂಡರೆ ಭಯ. ನೀರುನಾಯಿ ಮರಿಗೂ ಈಜು ಕಲಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಒಂದು ಮರಿ ಅಳುತ್ತ ಅಳುತ್ತ ದಂಡೆಗೆ ಓಡಿ ಬರುತ್ತದೆ, ತಾಯಿ ಮತ್ತೆ ಎಳೆಯುತ್ತದೆ. ನಿನ್ನನ್ನು ಅಗರದ ಕೆರೆಗೆ ಇಳಿಸಲು ಅಪ್ಪ ಪಟ್ಟ ಪಾಡು ಜ್ಞಾಪಕಕ್ಕೆ ಬಂತು.

ನೀನು ಕೇಳಿದ್ದಕ್ಕೆ ಹೋದ ವಾರ ಹಾಕಿದ ಕಾಗದದಲ್ಲೇ ಉತ್ತರ ಬರೆಯಬೇಕಿತ್ತು, ಮನಸ್ಸು ಹಿಂದೆಗೆಯಿತು. ಅಟ್ಟಣೆಯೂ ಇಲ್ಲ, ಮರೆಯೂ ಇಲ್ಲ. ನಾನು ದಿನಾ ಹೊಳೆಯಲ್ಲಿ ಮಿಂದು, ಅಲ್ಲೇ ಬಂಡೆಯ ಮೇಲೆ ಕೂತು ಲಿಂಗಪೂಜೆ ಮಾಡಿಕೊಳ್ಳುವುದು ನಿನಗೆ ಗೊತ್ತಲ್ಲ. ಮನೆಯಲ್ಲಿ ಕೂತರೆ ಒಬ್ಬರಲ್ಲ ಒಬ್ಬರು ಕರೆಯುತ್ತಾರೆ. ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂತರೆ ಮೈ ಅಲುಗುವುದಿಲ್ಲ, ಬಾಯಿ ಆಡುವುದಿಲ್ಲ. ಅವು ನನ್ನನ್ನು ಬಂಡೆಯ ಮೇಲಿನ ಇನ್ನೊಂದು ಬಂಡೆ ಎಂದುಕೊಂಡಿವೆ. ಎಂಟು ಮಾರು ದೂರಕ್ಕೆ ಬರುತ್ತವೆ. ಮೊನ್ನೆ ಎರಡು ಮಾರಿಗೆ ಬಂದು ಮರಳಿನಲ್ಲಿ ಹೊರಳಾಡಿ ಮೈ ಒರೆಸಿಕೊಂಡವು.

ತಪ್ಪು ಯಾವುದೆಂದರೆ, ಕೈ ಮೇಲೆ ಲಿಂಗ, ಕಣ್ಣು ಹೊಳೆಯ ಮೇಲೆ. ಹುಟ್ಟಿದ ದಿನ ಕಟ್ಟಿದ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಮೀನು ತಿನ್ನುವುದನ್ನು ನೋಡುತ್ತ ಕೂತಿರುತ್ತೇನೆ. ಮೊದಲು ಪೂಜೆ ಮುಗಿಸಿ ಮನೆಗೆ ಬಂದಾಗ ಬೆಳಗಿನ ಬಸ್ಸು ಇನ್ನೂ ನಿಂತಿರುತ್ತಿತ್ತು. ಈಗ ನಾನು ತೋಟ ಹತ್ತುವಾಗಲೇ ಅದು ಹೊರಟುಹೋಗಿರುತ್ತದೆ. ನಿನಗೆ ಕಳಿಸುವುದಿದ್ದ ದಿನ ಮಾತ್ರ ಅವಸರ ಮಾಡಿ ಬರುತ್ತೇನೆ. ಅತ್ತೆಯವರು ನಿನ್ನೆ, "ಅದೇನ್ ಪೂಜೆನವ್ವ, ಸಿವ ಕೈಲಾಸ್ದಿಂದ ಇಳ್ದು ಬಂದು ಉಂಡ್ಕಂಡು ಓಗೋವಷ್ಟೊತ್ತು?" ಎಂದರು. ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಇದನ್ನು ಯಾರಿಗೂ ಹೇಳಬೇಡ. ಹೇಳಬೇಡ ಎಂದರೆ ಹೇಳಬೇಡ.

ಅಕ್ಕ

ಹನೂರು
21-3-1965

ಅಕ್ಕನಿಗೆ ನಮಸ್ಕಾರ.

ಜೊತೆಗಿರುವ ಪತ್ರಿಕೆಯ ಹಾಳೆಯನ್ನು ಬಿಚ್ಚಿ ನೋಡು. ಮೂರನೇ ಪುಟ, ಮೇಲುಗಡೆ. ನಿನ್ನ ನಾಲ್ಕು ಕಾಗದಗಳನ್ನು ಜೋಡಿಸಿ ಒಂದು ಲೇಖನ ಮಾಡಿ ಮೈಸೂರಿಗೆ ಕಳಿಸಿದ್ದೆ, ಅಚ್ಚಾಗಿದೆ. ಕುಡುಗೋಲಿನಂತೆ ಸಾಲು ಬಾಗುವುದು, ಮರಿಗೆ ಈಜು ಕಲಿಸುವುದು, ಎಲ್ಲ ಬಂದಿದೆ. ಹೆಡ್ಮಾಸ್ಟರು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು. ಶಾಗ್ಯದಿಂದ ಒಬ್ಬ ಹುಡುಗನ ತಂದೆ ಇದಕ್ಕಾಗಿಯೇ ಬಂದು ಕೈ ಮುಗಿದು ಹೋದರು.

ನಿನ್ನ ಹೆಸರು ಹಾಕಿಲ್ಲ. ಪೂಜೆಯ ವಿಷಯ ಒಂದಕ್ಷರವೂ ಇಲ್ಲ, ನೀನು ಹೇಳಿದ ಮಾತು ಉಳಿಸಿಕೊಂಡಿದ್ದೇನೆ. ಓದಿದವರು ನಂಬಬೇಕಲ್ಲ, ಅದಕ್ಕೆ ಸತ್ತೇಗಾಲದ ಕೆಳಗಿನ ಮಡು, ಭಾವನ ತೆಂಗಿನ ತೋಟ, ಹೊಳೆಮತ್ತಿಯ ಬೇರು ಎಂದು ಜಾಗ ಮಾತ್ರ ಖಚಿತವಾಗಿ ಬರೆದಿದ್ದೇನೆ. ನಿನಗೆ ಹೆಮ್ಮೆಯಾಗಬೇಕು.

ಚಿಕ್ಕಮಾದಪ್ಪ

ಸತ್ತೇಗಾಲ
18-4-1965

ಚಿಕ್ಕಮಾದಪ್ಪನಿಗೆ,

ಪತ್ರಿಕೆ ನನಗಿಂತ ಮೊದಲು ಬೇರೆಯವರು ಓದಿದರು. ಭಾನುವಾರ ಜನ ಬುತ್ತಿ ಕಟ್ಟಿಕೊಂಡು ಬಂದು ದಂಡೆಯಲ್ಲಿ ಕೂತು ಕೂಗಿದರು, ಪೊಟರೆಗೆ ಕಲ್ಲು ಎಸೆದರು. ಅವರನ್ನು ಬೈದು ಕಳಿಸಬಹುದಿತ್ತು, ಕಳಿಸಿದೆ. ಅವರ ಹಿಂದೆಯೇ ಚರ್ಮದ ವ್ಯಾಪಾರಿಯೊಬ್ಬ ಬಂದ. ಸತ್ಯಮಂಗಲದ ಕಡೆಯವನಂತೆ, ಅರ್ಧ ತಮಿಳು ಅರ್ಧ ಕನ್ನಡ. ನೀನು ಬರೆದ ಹಾಳೆಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಕೆಂಚಯ್ಯನಿಗೆ ಅದನ್ನೇ ತೋರಿಸಿ ಉರುಲು ಕೊಟ್ಟು ಹೋದ.

ಮರಿಗಳ ತಾಯಿಯ ಚರ್ಮವನ್ನು ಬಿದಿರು ಕಡ್ಡಿಗೆ ಹಿಗ್ಗಿಸಿ ಒಣಗಲು ಇಟ್ಟಿದ್ದನ್ನು ನೋಡಿದೆ. ಕೆಂಚಯ್ಯ ತಲೆ ತಗ್ಗಿಸಿಕೊಂಡು, "ನಾ ಏನ್ ಮಾಡ್ಲವ್ವಾ, ನಿಮ್ ತಮ್ಮಾರೇ ಬರ್ದವ್ರಂತಲ್ಲ, ಎಲ್ಲಾರ್ಗೂ ಗೊತ್ತಾಗ್ಲಿ ಅಂತಾನೇ ಬರ್ದವ್ರೆ ಅಂದ್ಕಂಡೆ" ಎಂದ.

ಪೊಟರೆಗೆ ಇಣುಕಬಾರದು ಎಂದು ನನಗೆ ಬರೆದವನು ನೀನು. ನನ್ನ ಪೂಜೆಯನ್ನು ಮುಚ್ಚಿಟ್ಟು ಅವುಗಳ ಮನೆಯನ್ನು ಊರಿಗೆಲ್ಲ ತೋರಿಸಿದೆ. ನನ್ನ ಗುಟ್ಟು ಬಯಲಾಗಿದ್ದರೆ ಅತ್ತೆಯ ನಾಲ್ಕು ಮಾತು ಕೇಳಿಕೊಂಡು ಇರುತ್ತಿದ್ದೆ. ನಿನ್ನ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ. ಉತ್ತರ ಬರೆಯಬೇಡ.

ಚನ್ನಾಜಮ್ಮ

ಹನೂರು
25-4-1965

ಅಕ್ಕಾ,

ಬರೆಯಬೇಡ ಎಂದರೂ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿದ ಮೇಲೆ ಆ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. ಜಾಗದ ಸಾಲು ತೆಗೆದುಹಾಕಿದ್ದರೂ ಲೇಖನಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ. ಓದುವವರು ನಂಬಲಿ ಎಂದು ಬರೆದದ್ದಲ್ಲ ಅದು, ನಮ್ಮ ಅಕ್ಕನ ತೋಟ ಎಂಬ ಹೆಚ್ಚುಗಾರಿಕೆಗೆ ಬರೆದದ್ದು. ನಾಚಿಕೆಯಾಗುತ್ತಿದೆ.

ಮರಿಗಳು ಏನಾದವು? ಅದೊಂದನ್ನು ತಿಳಿಸು.

ಚಿಕ್ಕಮಾದಪ್ಪ

ಹನೂರು
5-9-1965

ಅಕ್ಕನಿಗೆ ನಮಸ್ಕಾರ.

ಗೌರಿ ಹಬ್ಬಕ್ಕೆ ಬಂದಾಗ ನೀನು ಬಾಗಿನ ತೆಗೆದುಕೊಂಡೆ, ಊಟಕ್ಕೆ ಬಡಿಸಿದೆ, ಹೊಳೆಯ ಮಾತು ಎತ್ತಲಿಲ್ಲ. ನಾನು ತೋಟದ ಕಡೆ ಎದ್ದಾಗ, "ಹೊಳೆ ತುಂಬಿದೆ, ಕೂತುಕೋ" ಎಂದೆ ನೀನು. ನಾನು ಕೂತೆ. ಮರಿಗಳ ವಿಷಯ ಕೇಳಲು ಬಾಯಿ ಬರಲಿಲ್ಲ. ಇದರಲ್ಲಿ ಕೇಳುತ್ತಿದ್ದೇನೆ.

ಚಿಕ್ಕಮಾದಪ್ಪ

ಸತ್ತೇಗಾಲ
14-11-1965

ತಮ್ಮನಿಗೆ ಆಶೀರ್ವಾದ.

ಹೊಳೆ ಇಳಿದಿದೆ. ಪೊಟರೆಯಲ್ಲಿ ಮರಳು ತುಂಬಿಕೊಂಡಿದೆ. ನೀರುನಾಯಿ ಈಗ ಒಂದೂ ಇಲ್ಲ. ಯಾರು ಕೇಳಿದರೂ ಹಾಗೆಯೇ ಹೇಳು. ಈ ವಿಷಯ ಇಲ್ಲಿಗೆ ಬಿಡೋಣ.

ಅಕ್ಕ

ಸತ್ತೇಗಾಲ
22-1-1967

ತಮ್ಮನಿಗೆ ಆಶೀರ್ವಾದ.

ನಿನಗೆ ಗಂಡು ಮಗು ಹುಟ್ಟಿದ್ದು ತಿಳಿದು ಎಲ್ಲರಿಗೂ ಸಂತೋಷವಾಯಿತು. ಶಿವರತ್ನಮ್ಮನಿಗೆ ಬಾಣಂತನದಲ್ಲಿ ತಣ್ಣೀರು ಮುಟ್ಟಬಾರದೆಂದು ಗದರಿಸಿ ಹೇಳು. ಅತ್ತೆಯವರು ಅವಳಿಗೆಂದು ಮೆಂತ್ಯದ ಹಿಟ್ಟು ಮಾಡಿಕೊಟ್ಟು ಮೂರು ದಿನವಾಯಿತು. ನಾನು ಹೊಳೆಯಿಂದ ಬರುವಷ್ಟರಲ್ಲಿ ದಿನಾ ಬಸ್ಸು ಹೋಗಿಬಿಟ್ಟಿರುತ್ತದೆ. ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ, ಹಿಟ್ಟನ್ನು ನಾಳೆಯಾದರೂ ಕಳಿಸಲು ನೋಡುತ್ತೇನೆ. ಹಪ್ಪಳವೂ ಹಾಗೇ ಇದೆ.

ಅಕ್ಕ

ಹನೂರು
29-1-1967

ಅಕ್ಕನಿಗೆ ನಮಸ್ಕಾರ.

ಹಿಟ್ಟು ಬಂತು. ಬಸ್ಸು ತಪ್ಪಿದ್ದಕ್ಕೆ ನೀನು ಬೇಸರ ಮಾಡಿಕೊಳ್ಳಬೇಡ. ಹಪ್ಪಳವಿಲ್ಲದೆ ಇಲ್ಲಿ ಯಾರೂ ಸೊರಗಿಲ್ಲ. ಪೂಜೆಯನ್ನು ನಮಗಾಗಿ ಅವಸರ ಮಾಡಬೇಡ.

ಪತ್ರಿಕೆಯವರು ನೀರುನಾಯಿಯ ಬಗ್ಗೆ ಇನ್ನೊಂದು ಲೇಖನ ಕೇಳಿದ್ದರು. ಅಲ್ಲಿ ಈಗ ಒಂದೂ ಇಲ್ಲ, ನನಗೆ ತಿಳಿದದ್ದೂ ಏನಿಲ್ಲ ಎಂದು ಬರೆದುಬಿಟ್ಟೆ.

ಚಿಕ್ಕಮಾದಪ್ಪ

ಸತ್ತೇಗಾಲ
30-11-1969

ತಮ್ಮನಿಗೆ ಆಶೀರ್ವಾದ.

ಒಂದು ಸುಳ್ಳು ಹೇಳಿದ್ದೆ, ನಾಲ್ಕು ವರ್ಷವಾಯಿತು. ಆ ಹೊರೆ ಇಳಿಸಿಕೊಳ್ಳುತ್ತೇನೆ.

ಒಂದೂ ಇಲ್ಲ ಎಂದು ನಿನಗೆ ಬರೆದೆನಲ್ಲ, ಆ ದಿನ ಬೆಳಿಗ್ಗೆ ಮೂರು ನೀರುನಾಯಿ ನೋಡಿ ಬಂದು ಬರೆದೆ. ತಾಯಿ ಸತ್ತ ಮೇಲೆ ಉಳಿದವು ಮರಿಗಳನ್ನು ನಡುಗಡ್ಡೆಗೆ ಸಾಗಿಸಿದ್ದವು. ಹೊಳೆ ಇಳಿದ ಮೇಲೆ ದೊಡ್ಡವು ಎರಡು, ಮರಿಗಳಲ್ಲಿ ಒಂದು ತಿರುಗಿ ಬಂದವು. ನೀರಿಗೆ ಹೆದರಿ ಅಳುತ್ತಿದ್ದ ಮರಿಯೇ ಅದು ಎಂದು ನಾನು ಅಂದುಕೊಂಡಿದ್ದೇನೆ, ಖಂಡಿತ ಹೇಳಲಾರೆ. ನಿನಗೆ ಹೇಳಲು ಭಯವಾಯಿತು. ನೀನು ಕೆಟ್ಟವನಲ್ಲ, ಆದರೆ ಸಂತೋಷವಾದರೆ ನಿನ್ನ ಬಾಯಿ ನಿಲ್ಲುವುದಿಲ್ಲ.

ಕೆಂಚಯ್ಯನೊಡನೆ ಆವಾಗಲೇ ಒಂದು ಮಾತು ಮಾಡಿಕೊಂಡೆ. ನಮ್ಮ ದಂಡೆಯಲ್ಲಿ ಅವನು ಹರಿಗೋಲು ಕಟ್ಟಿಕೊಳ್ಳಬಹುದು, ಬಲೆ ಒಣಗಿಸಿಕೊಳ್ಳಬಹುದು. ಮಡುವಿಗೆ ಮಾತ್ರ ಬಲೆಯನ್ನಾಗಲಿ ಉರುಲನ್ನಾಗಲಿ ಇಳಿಸಕೂಡದು. ಇದುವರೆಗೆ ಮಾತಿಗೆ ತಪ್ಪಿಲ್ಲ. ಆ ವ್ಯಾಪಾರಿ ಮತ್ತೆ ಬಂದಾಗ ಬರಿದಾದ ಪೊಟರೆ ತೋರಿಸಿ ಕಳಿಸಿದವನೂ ಅವನೇ.

ಈಗ ಯಾಕೆ ಹೇಳುತ್ತಿದ್ದೇನೆಂದರೆ, ತೋಟಕ್ಕೆ ಕರೆಂಟು ಬಂತು. ನಿನ್ನ ಭಾವ ಪಂಪ್‌ಸೆಟ್ಟಿಗೆ ಮನೆ ಕಟ್ಟಿಸಲು ಹೊಳೆಮತ್ತಿಯ ಬುಡಕ್ಕೇ ಗುರುತು ಹಾಕಿದರು. ಮಾರನೆಯ ದಿನ ಮರ ಕಡಿಯುವವರು ಬರುವುದಿತ್ತು. ನಾನು ಎಲ್ಲವನ್ನೂ ಹೇಳಿಬಿಟ್ಟೆ, ಪೂಜೆಯ ವಿಷಯವನ್ನೂ. ಅತ್ತೆಯವರೂ ಅಲ್ಲೇ ಇದ್ದರು. ನಿನ್ನ ಭಾವ, "ಇಪ್ಪತ್ ಮಾರು ಮೇಲಕ್ ಕಟ್ಟುದ್ರಾಯ್ತು ಬುಡು. ನಮ್ ತೋಟ್ದಲ್ಲಿ ಒಂದ್ ಒಕ್ಕಲು ಎಚ್ಚಾಗದೆ ಅಂದ್ಕತೀನಿ" ಎಂದರು. ಅತ್ತೆಯವರು, "ನಾನೂ ನೋಡ್ತಾನೇ ಇವ್ನಿ, ಪೂಜೆ ಮಾಡಿ ಬಂದೋಳ್ ಮೊಕ ಇಸ್ಟೊಂದ್ ಗೆಲುವಾಗಿರ್ತದಾ ಅಂತ" ಎಂದು ಒಳಗೆ ಹೋದರು. ಇಷ್ಟಕ್ಕೆ ನಾನು ಐದು ವರ್ಷ ಹೆದರಿದ್ದೆ.

ಅವರಿಗೆಲ್ಲ ಹೇಳಿದ ಮೇಲೆ ನಿನಗೆ ಮುಚ್ಚಿಡುವುದು ಸರಿಯಲ್ಲ ಎನಿಸಿತು. ಅವನ್ನು ನೋಡುವ ರೀತಿ ನನಗೆ ಕಲಿಸಿದವನು ನೀನು, ಒಂದನ್ನೂ ಕಾಣದವನೂ ನೀನೇ. ಸಂಕ್ರಾಂತಿಗೆ ಬಾ. ಕಾಗದ ಪೆನ್ಸಿಲ್ ತರಬೇಡ. ಕರಡಿಗೆ ತಾ. ಬಂಡೆಯ ಮೇಲೆ ನನ್ನ ಪಕ್ಕದಲ್ಲಿ ಪೂಜೆಗೆ ಕೂತುಕೋ. ಅವಕ್ಕೆ ನೀನು ಹೊಸಬ, ತಲೆ ಅಲುಗಿದರೆ ಹೋಗಿಬಿಡುತ್ತವೆ. ನಾನು ಎದ್ದೇಳು ಎನ್ನುವವರೆಗೂ ಕಣ್ಣು ಅಂಗೈ ಬಿಟ್ಟು ಏಳಬಾರದು.

ಅಕ್ಕ

ಹನೂರು
7-12-1969

ಅಕ್ಕನಿಗೆ ನಮಸ್ಕಾರ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಅವು ಇವೆ ಎಂದು ನನಗೆ ಮೂರು ವರ್ಷದಿಂದ ಗೊತ್ತು.

ಮೆಂತ್ಯದ ಹಿಟ್ಟಿನ ಕಾಗದದಲ್ಲಿ ನೀನೇ ಬರೆದಿದ್ದೆ, ಹೊಳೆಯಿಂದ ಬರುವಷ್ಟರಲ್ಲಿ ದಿನಾ ಬಸ್ಸು ಹೋಗಿರುತ್ತದೆ ಎಂದು. ನೋಡಲು ಏನೂ ಇಲ್ಲದಿದ್ದರೆ ನಿನ್ನ ಪೂಜೆ ಬಸ್ಸಿಗೆ ಮೊದಲೇ ಮುಗಿಯುತ್ತಿತ್ತು. ಅದನ್ನು ಓದಿ ಮನೆಯಲ್ಲಿ ಕೂತು ಒಬ್ಬನೇ ನಕ್ಕೆ. ಶಿವರತ್ನಮ್ಮ ಏನೆಂದು ಕೇಳಿದಳು, ಅವಳಿಗೂ ಹೇಳಲಿಲ್ಲ. ನಿನ್ನನ್ನು ಕೇಳಿದರೆ ಸುಳ್ಳನ್ನು ಇನ್ನಷ್ಟು ಗಟ್ಟಿ ಮಾಡುವ ಕಷ್ಟ ನಿನಗೇ ಎಂದು ಸುಮ್ಮನಾದೆ. ಬಾಯಿ ನಿಲ್ಲುವುದಿಲ್ಲ ಎಂದಿದ್ದೀಯಲ್ಲ, ಮೂರು ವರ್ಷ ನಿಂತಿತ್ತು, ಲೆಕ್ಕಕ್ಕೆ ಸೇರಿಸಿಕೋ.

ಬರುತ್ತೇನೆ.

ಚಿಕ್ಕಮಾದಪ್ಪ

ಹನೂರು
18-1-1970

ಅಕ್ಕನಿಗೆ ನಮಸ್ಕಾರ.

ಆ ದಿನ ಬಸ್ಸಿನ ಅವಸರದಲ್ಲಿ ಮಾತಾಡಲು ಆಗಲಿಲ್ಲ. ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ.

ಮೊದಲ ಕಾಲು ಗಂಟೆ ನನಗೆ ಕಾಲು ಜೋಮು ಹಿಡಿದದ್ದೊಂದೇ ಗೊತ್ತು. ಕರಡಿಗೆಯಿಂದ ಲಿಂಗ ತೆಗೆದು ಎಷ್ಟು ತಿಂಗಳಾಗಿತ್ತೋ, ಅದರ ತೂಕವೇ ಮರೆತಿತ್ತು. ಆಮೇಲೆ ಸಿಳ್ಳೆ ಕೇಳಿಸಿತು. ಐದು ವರ್ಷದಿಂದ ಓದಿದ್ದೆ, ಅದು ಅಷ್ಟು ಸಣ್ಣ ದನಿ ಎಂದು ಓದಿ ತಿಳಿದಿರಲಿಲ್ಲ. ನೀರು ಕದಡಿದ ಸದ್ದು, ಏಡಿಯ ಚಿಪ್ಪು ಒಡೆಯುವ ಸದ್ದು ಹತ್ತಿರವಾಗುತ್ತ ಬಂತು. ಹಸಿ ಮೀನಿನ ವಾಸನೆ ಬಂತು. ಯಾವುದೋ ಮೈ ಕೊಡವಿತು, ನನ್ನ ಪಾದದ ಮೇಲೆ, ಲಿಂಗದ ಮೇಲೆ ಹನಿ ಬಿದ್ದವು. ಅಷ್ಟು ಹತ್ತಿರ.

ಕಣ್ಣು ಎತ್ತಲು ಎಷ್ಟು ಆಸೆಯಾಯಿತೆಂದು ನಿನಗೆ ಹೇಳಲಾರೆ. ಒಂದು ಸಲ ಎತ್ತಿದ್ದರೆ ಜೀವಮಾನಕ್ಕೆ ಸಾಕಾಗುವಷ್ಟು ಕಾಣುತ್ತಿತ್ತು. ಅಂಗೈಯನ್ನೇ ನೋಡುತ್ತ ಕೂತೆ. ಬಿದಿರು ಕಡ್ಡಿಯ ಮೇಲಿನ ಚರ್ಮವನ್ನು ನಾನು ನೋಡಿದವನಲ್ಲ, ಆದರೂ ಅದೇ ಕಣ್ಣ ಮುಂದಿತ್ತು. ನೀನು ಎದ್ದೇಳು ಎಂದಾಗ ಹೊಳೆಯ ಮೇಲೆ ಅಲೆ ಮಾತ್ರ ಉಳಿದಿತ್ತು.

ಇಲ್ಲಿ ಹುಡುಗರು ಕೇಳಿದರು, "ನೀರ್‌ನಾಯಿ ನೋಡುದ್ರಾ ಸಾ?" ಎಂದು. ಇಲ್ಲಪ್ಪ ಎಂದೆ. ನಿಜವನ್ನೇ ಹೇಳಿದೆ.

ಚಿಕ್ಕಮಾದಪ್ಪ

ಸತ್ತೇಗಾಲ
25-1-1970

ತಮ್ಮನಿಗೆ ಆಶೀರ್ವಾದ.

ನೀನು ನೋಡದೆ ಬಿಟ್ಟದ್ದನ್ನು ನಾನು ನೋಡಿದೆ. ಹೇಳುತ್ತೇನೆ, ಓದಿ ಹರಿದುಹಾಕು.

ಏಳು ಬಂದಿದ್ದವು. ಈ ವರ್ಷದ ಮರಿಗಳು ನಾಲ್ಕು ಅದರಲ್ಲಿ ಸೇರಿವೆ. ಹನಿ ಕೊಡವಿದ್ದು ಹಳೆಯ ಮರಿ, ಈಗ ಅದೇ ತಾಯಿ. ಏಡಿ ತಿಂದು ಮುಗಿಸಿ, ಬಂಡೆ ಹತ್ತಿ, ನಿನ್ನ ಬಲ ಮಂಡಿಗೆ ಒಂದು ಮೊಳ ದೂರದಲ್ಲಿ ಕೂತಿತು. ಹಿಂಗಾಲ ಮೇಲೆ ಎದ್ದು ನಿಂತು ನಿನ್ನ ಮುಖವನ್ನು ನೋಡಿತು, ಹಣೆಯ ವಿಭೂತಿ ನೋಡಿತು, ಆಮೇಲೆ ಕತ್ತು ಚಾಚಿ ನಿನ್ನ ಅಂಗೈಯಲ್ಲಿ ಏನಿದೆ ಎಂದು ನೋಡಿತು. ನಾನು ಇಪ್ಪತ್ತು ಎಣಿಸಿದರೂ ನೋಡುತ್ತಲೇ ಇತ್ತು. ನೀನು ಅಲುಗಲಿಲ್ಲ. ಆಮೇಲೆ ತಿರುಗಿ ಮರಿಗಳಿಗೆ ಸಿಳ್ಳೆ ಹಾಕಿತು. ನಾಲ್ಕೂ ಬಂಡೆ ಹತ್ತಿ ಬಂದು ನಿನ್ನ ಬೆನ್ನ ಹಿಂದಿನ ಮರಳಿನಲ್ಲಿ ಹೊರಳಾಡಿದವು.

ನನಗೆ ಅಳು ಬಂತು. ನಿನ್ನ ಮೇಲಿನ ಸಿಟ್ಟು ಆವತ್ತು ಪೂರ್ತಿ ಹೋಯಿತು. ಇನ್ನು ಯಾವಾಗ ಬೇಕಾದರೂ ಬಾ.

ಬಸ್ಸು ಇವತ್ತೂ ಹೋಯಿತು. ಹಪ್ಪಳ ನಾಳೆ ಕಳಿಸುತ್ತೇನೆ.

ಅಕ್ಕ